ಮನಸ್ಸು ಒಪ್ಪಿದೆ, ದೇಹದೊಂದಿಗೆ ಇನ್ನೂ ಹೊಂದಿಕೆಯಾಗಿಲ್ಲ: ನಾನ್‌ಬೈನರಿ ಗೆಳೆಯರೇ, ನೀವು ಏನು ಮಾಡಿದಿರಿ?

ತುಂಗಾತೀರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಊರು ಶಿವಮೊಗ್ಗ ಜಿಲ್ಲೆ, ಕೆಲಸ ಬೆಂಗಳೂರಿನಲ್ಲಿ. ನಾನು ಹೆಣ್ಣೂ ಅಲ್ಲ, ಗಂಡೂ ಅಲ್ಲ, ಅಂದರೆ ನಾನ್‌ಬೈನರಿ ಎಂಬುದು ಕಾಲೇಜಿನ ಕೊನೆಯ ವರ್ಷದ ಹೊತ್ತಿಗೆ ಸ್ಪಷ್ಟವಾಯಿತು. ಗೆಳತಿಯರಿಗೆ ಹೇಳಿದೆ, ಅಣ್ಣನಿಗೆ ಹೇಳಿದೆ. ಅವರು ಒಪ್ಪಿದರು. ನಾನೂ ಒಪ್ಪಿದ್ದೇನೆ, ಆ ವಿಷಯದಲ್ಲಿ ಈಗ ಅನುಮಾನ ಉಳಿದಿಲ್ಲ. ಆದರೆ ದೇಹದ ಪ್ರಶ್ನೆ ಇದ್ದಲ್ಲೇ ಇದೆ.

ಸ್ನಾನವನ್ನು ಆದಷ್ಟು ಬೇಗ ಮುಗಿಸುತ್ತೇನೆ. ಎದೆ ಕಾಣಬಾರದೆಂದು ಬೆನ್ನು ಬಗ್ಗಿಸಿ ನಡೆದು ನಡೆದು ಈಗ ಕುತ್ತಿಗೆ ನೋವು ಶುರುವಾಗಿದೆ. ಇರುವುದು ಹುಡುಗಿಯರ ಪಿಜಿಯಲ್ಲಿ. ಮಾಲ್‌ಗೆ ಹೋದರೆ ತಪಾಸಣೆಗೆ ಎರಡು ಸಾಲು, ಯಾವುದರಲ್ಲಿ ನಿಂತರೂ ಹಿಂದಿನವರು ದಿಟ್ಟಿಸುತ್ತಾರೆ. ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಕೇಳಿದರೆ ನಿರ್ವಾಹಕರು ನನ್ನ ಕ್ರಾಪ್ ನೋಡುತ್ತಾರೆ, ಆಧಾರ್ ನೋಡುತ್ತಾರೆ, ಮತ್ತೆ ಮುಖ ನೋಡುತ್ತಾರೆ. ದಿನವಿಡೀ ಯಾರಾದರೊಬ್ಬರು ನನ್ನ ದೇಹದ ಬಗ್ಗೆ ತೀರ್ಮಾನ ಕೊಟ್ಟು ಮುಂದೆ ಹೋಗುತ್ತಲೇ ಇರುತ್ತಾರೆ.

ಕಾನೂನಿನ ಬಗ್ಗೆ ಓದಿಕೊಂಡಿದ್ದೇನೆ. ತನ್ನ ಲಿಂಗತ್ವವನ್ನು ಗುರುತಿಸಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹೇಳಿದ್ದು ಗೊತ್ತು. ಅದರಿಂದ ಧೈರ್ಯ ಬಂದಿದ್ದೂ ನಿಜ. ಆದರೆ ಬಟ್ಟೆ ಬದಲಾಯಿಸುವಾಗ ಆಗುವ ಸಂಕಟಕ್ಕೆ ತೀರ್ಪು ಔಷಧವಲ್ಲ.

ನಿಮ್ಮಲ್ಲಿ ಯಾರಿಗಾದರೂ ದೇಹದ ಜೊತೆ ನೆಮ್ಮದಿ ಬಂದಿದೆಯೇ? ಹೇಗೆ ಬಂತು? 'ನಿನ್ನನ್ನು ನೀನು ಪ್ರೀತಿಸು' ಎಂಬ ಉತ್ತರ ಮಾತ್ರ ಬೇಡ, ಅದನ್ನು ಕೇಳಿ ದಣಿದಿದ್ದೇನೆ. ನೀವು ಏನು ಮಾಡಿದಿರಿ ಎಂಬುದನ್ನು ಹೇಳಿ.


ಕಡಲತಡಿ

ತುಂಗಾತೀರ ಅವರೇ, ನಾನು ಕುಂದಾಪುರದ ಕಡೆಯ ಒಬ್ಬ ನಾನ್‌ಬೈನರಿ ವ್ಯಕ್ತಿ, 34 ವರ್ಷ. ಹುಟ್ಟಿದಾಗ ಗಂಡು ಎಂದು ಬರೆಸಿದರು. ದೇಹದ ಜೊತೆ ನೆಮ್ಮದಿ ಬಂದಿದೆ. ಎಲ್ಲ ದಿನವೂ ಅಲ್ಲ, ಆದರೆ ಬಹುತೇಕ ದಿನ.

ನನಗೆ ಮೊದಲು ನೆರವಾದದ್ದು ಒಂದು ಹಾಳೆ. 'ನನ್ನ ದೇಹ ನನಗೆ ಸಹಿಸದು' ಎಂದು ಹೇಳುತ್ತ ಬಂದಿದ್ದ ನಾನು ಒಂದು ಸಂಜೆ ಕುಳಿತು, ಯಾವ ಭಾಗ ನೋಯಿಸುತ್ತದೆ, ಯಾವುದು ಪರವಾಗಿಲ್ಲ, ಯಾವುದು ಇಷ್ಟ ಎಂದು ಬರೆದೆ. ಗಡ್ಡ ನೋಯಿಸುತ್ತಿತ್ತು. ಎದೆಯ ಮೇಲಿನ ಕೂದಲು ನೋಯಿಸುತ್ತಿತ್ತು. ಧ್ವನಿ ಮಾತ್ರ, ನನಗೇ ಆಶ್ಚರ್ಯವಾಗುವಂತೆ, ಇಷ್ಟದ ಪಟ್ಟಿಗೆ ಬಂತು. ಕೈಗಳೂ ಬಂದವು. ಭುಜ, ಪಾದ, ಎತ್ತರ ಇವುಗಳ ಬಗ್ಗೆ ಹೇಳುವಂಥದ್ದೇನೂ ಇರಲಿಲ್ಲ. ಇಡೀ ದೇಹದೊಂದಿಗೆ ಜಗಳವಿದೆ ಎಂದು ವರ್ಷಗಟ್ಟಲೆ ನಂಬಿದ್ದವರಿಗೆ, ಜಗಳ ಇರುವುದು ಎರಡು ಕಡೆ ಮಾತ್ರ ಎಂದು ಗೊತ್ತಾಗುವುದು ದೊಡ್ಡ ಬಿಡುಗಡೆ. ಆ ಎರಡಕ್ಕೆ ಏನು ಮಾಡಬಹುದು ಎಂದು ಯೋಚಿಸಲು ಸಾಧ್ಯವಾಯಿತು.

ಗಡ್ಡಕ್ಕೆ ಲೇಸರ್ ಮಾಡಿಸಿದೆ. ಹೋಗುವವರಿಗೆ ಒಂದು ಮಾತು: ಬ್ಯೂಟಿ ಪಾರ್ಲರಿಗೆ ಹೋಗಬೇಡಿ, ಚರ್ಮವೈದ್ಯರ ಬಳಿ ಹೋಗಿ. ಕಂದು ಚರ್ಮಕ್ಕೆ ಎನ್‌ಡಿ ಯಾಗ್ ಎಂಬ ಬಗೆಯ ಲೇಸರ್ ಹೆಚ್ಚು ಸುರಕ್ಷಿತ, ಅದು ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಹಲವು ಬಾರಿ ಹೋಗಬೇಕಾಗುತ್ತದೆ, ಖರ್ಚೂ ಇದೆ.

ಎರಡನೆಯದು ಯಕ್ಷಗಾನ. ಹವ್ಯಾಸಿ ತಂಡವೊಂದರಲ್ಲಿ ಬಡಗುತಿಟ್ಟಿನ ಹೆಜ್ಜೆ ಕಲಿಯಲು ಸೇರಿದೆ. ಮಂಡಿ ಹಾಕುವುದನ್ನು ಕಲಿಯುವಾಗ ಮೊಣಕಾಲು ಎಲ್ಲಿ ಊರಬೇಕು, ಸೊಂಟ ಎಷ್ಟು ಇಳಿಯಬೇಕು, ಚೆಂಡೆಯ ಯಾವ ಪೆಟ್ಟಿಗೆ ತಿರುಗಬೇಕು ಎಂಬುದಷ್ಟೇ ತಲೆಯಲ್ಲಿ ಇರುತ್ತದೆ. ನೋಡುವವರಿಗೆ ಹೇಗೆ ಕಾಣುತ್ತೇನೆ ಎಂಬ ಎಣಿಕೆ ಅಷ್ಟು ಹೊತ್ತು ನಿಂತುಹೋಗುತ್ತಿತ್ತು. ಮನೆಗೆ ಬಂದು ನೋಯುವ ಕಾಲಿಗೆ ಎಣ್ಣೆ ಹಚ್ಚುವಾಗ, ಈ ಕಾಲು ಇವತ್ತು ಏನೋ ಒಂದನ್ನು ಕಲಿಯಿತು ಎಂಬ ಅಭಿಮಾನ ಹುಟ್ಟಿತು. ದೇಹದ ಬಗ್ಗೆ ನನಗೆ ಹುಟ್ಟಿದ ಮೊದಲ ಒಳ್ಳೆಯ ಭಾವನೆ ಅದು. ಅಂದಚೆಂದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಯಕ್ಷಗಾನ ಎಂದ ಕೂಡಲೇ ಸ್ತ್ರೀವೇಷದ ಮಾತು ಬರುತ್ತದೆ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಸ್ತ್ರೀವೇಷ ಮಾಡುವ ಕಲಾವಿದರೆಲ್ಲ ನಮ್ಮಂಥವರು ಎಂದು ತಿಳಿಯಬೇಡಿ. ಅದು ಅವರ ಕಲೆ. ಬಹುಪಾಲು ಮಂದಿ ತಮ್ಮನ್ನು ಗಂಡಸರೆಂದೇ ಬಲ್ಲವರು. ನಾನೂ ಸ್ತ್ರೀವೇಷ ಹಾಕಿದ್ದೇನೆ, ಪುರುಷವೇಷವನ್ನೂ ಹಾಕಿದ್ದೇನೆ. ರಂಗಸ್ಥಳದಲ್ಲಿ ಮೆಚ್ಚಿ ಚಪ್ಪಾಳೆ ಹೊಡೆದ ಅದೇ ನಡಿಗೆಯನ್ನು ಬಣ್ಣ ಹಚ್ಚುವ ಚೌಕಿಯಿಂದ ಹೊರಬಂದ ಮೇಲೆ ಅಣಕಿಸಿದವರೂ ಇದ್ದಾರೆ. ಪರಂಪರೆ ಇದೆ ಎಂದ ಮಾತ್ರಕ್ಕೆ ಮರ್ಯಾದೆ ತಾನಾಗಿ ಸಿಗುವುದಿಲ್ಲ.


ಹಾಸನದ ಓದುಗ

ತಪ್ಪು ತಿಳಿಯಬೇಡಿ, ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ. ಹದಿಹರೆಯದಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಎದೆಯ ಬಗ್ಗೆ ಮುಜುಗರ ಇರುತ್ತದೆ. ನನ್ನ ತಂಗಿಯೂ ಬೆನ್ನು ಬಗ್ಗಿಸಿಯೇ ನಡೆಯುತ್ತಿದ್ದಳು, ಆಮೇಲೆ ಸರಿಹೋಯಿತು. ಇದೂ ಹಾಗೆಯೇ ಕಳೆದುಹೋಗುವ ಹಂತ ಇರಬಹುದಲ್ಲವೇ?


ಸೂಜಿದಾರ

ಹಾಸನದವರೇ, ಪ್ರಶ್ನೆ ನ್ಯಾಯವಾದದ್ದು. ನಾನು ದಾವಣಗೆರೆಯಿಂದ, 28 ವರ್ಷ, ನಾನ್‌ಬೈನರಿ, ತುಂಗಾತೀರ ಅವರಂತೆಯೇ ಹುಟ್ಟಿದಾಗ ಹೆಣ್ಣು ಎಂದು ಬರೆಸಿಕೊಂಡವರು. ನಿಮ್ಮ ತಂಗಿಗಿದ್ದಂಥ ಮುಜುಗರ, ತುಂಗಾತೀರ ಅವರಿಗಿರುವಂಥ ಸಂಕಟ ಎರಡೂ ನನಗೆ ಇದ್ದವು, ಆದ್ದರಿಂದ ವ್ಯತ್ಯಾಸ ಹೇಳಬಲ್ಲೆ. ಬಣ್ಣ ಕಪ್ಪು, ಮೈ ದಪ್ಪ ಎಂದು ಚಿಕ್ಕಂದಿನಿಂದ ಕೇಳಿಸಿಕೊಂಡವರು ನಾವು. ಆ ನಾಚಿಕೆ ಬೇರೆಯವರ ಬಾಯಿಂದ ಬಂದದ್ದು. ಯಾರೂ ಇಲ್ಲದಾಗ, ಕತ್ತಲಲ್ಲಿ ಒಬ್ಬರೇ ಮಲಗಿದಾಗ ಅದು ಇರುತ್ತಿರಲಿಲ್ಲ. ಇನ್ನೊಂದು ಆಗಲೂ ಇರುತ್ತಿತ್ತು. ಚಪ್ಪಲಿ ಚೆನ್ನಾಗಿಲ್ಲ ಎಂಬ ನಾಚಿಕೆ ಬೇರೆ, ಚಪ್ಪಲಿ ಎಡಬಲ ಅದಲುಬದಲಾಗಿದೆ ಎಂಬ ಇರುಸುಮುರುಸು ಬೇರೆ. 'ನೀನು ಚೆನ್ನಾಗಿದ್ದೀಯ' ಎಂದು ಹೇಳಿದರೆ ಮೊದಲನೆಯದು ಸ್ವಲ್ಪ ಕಡಿಮೆಯಾಗುತ್ತದೆ. ಎರಡನೆಯದಕ್ಕೆ ಆ ಮಾತು ತಾಗುವುದೇ ಇಲ್ಲ.

ಹಂತವಾಗಿದ್ದರೆ? ಆಗಲಿ. ಈಗ ನೆಟ್ಟಗೆ ನಿಂತು ಉಸಿರಾಡಲು ಬೇಕಾದ ಸಹಾಯವನ್ನು ಹತ್ತು ವರ್ಷದ ನಂತರ ಏನಾಗಬಹುದು ಎಂದು ಊಹಿಸಿ ತಡೆಹಿಡಿಯಬೇಕಿಲ್ಲ. ಬಟ್ಟೆ, ಕೂದಲು, ಕರೆಯುವ ರೀತಿ ಇವೆಲ್ಲ ಯಾವಾಗ ಬೇಕಾದರೂ ಬದಲಾಯಿಸಬಹುದಾದವು.


ಶರಣು ಶರಣಾರ್ಥಿ

ಒಳಗಿನ ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ನಮ್ಮ ವಚನಕಾರರು ಎಂದೋ ಹೇಳಿದ್ದಾರೆ. ದೇಹದ ಬಗ್ಗೆ ಇಷ್ಟು ಚಿಂತೆ ಏಕೆ? ಆತ್ಮದ ನೆಲೆಯಲ್ಲಿ ನಿಂತರೆ ಈ ಸಂಕಟವೇ ಇರುವುದಿಲ್ಲ.


ತುಂಗಾತೀರ

ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ವಂದನೆಗಳು. ವಚನಗಳು ನನಗೂ ಪ್ರಿಯ. ಆದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದು, ಬಸ್ ಹತ್ತುವುದು, ತಿಂಗಳಿಗೊಮ್ಮೆ ಮುಟ್ಟಿನ ನೋವು ತಡೆಯುವುದು ಎಲ್ಲವೂ ಈ ದೇಹವೇ. ಅದನ್ನು ಬಿಟ್ಟು ಮೇಲಕ್ಕೆ ಹೋಗುವುದು ನನಗೆ ಬೇಡ. ಇದರೊಳಗೆ ಇರಲು ಕಲಿಯಬೇಕು. ಅಲ್ಲದೆ ಶರಣರು ಕಾಯಕವನ್ನು ಮುಂದಿಟ್ಟವರು, ಕಾಯವನ್ನು ಕಡೆಗಣಿಸಿ ಎಂದು ಅವರಿಂದ ನಾನು ಕಲಿಯಲಿಲ್ಲ.


ವೈದ್ಯೆ, ಮಂಗಳೂರು

ಕುತ್ತಿಗೆ ನೋವಿನ ಮಾತು ಓದಿ ಬರೆಯುತ್ತಿದ್ದೇನೆ. ಎದೆ ಮುಚ್ಚಲು ಬೆನ್ನು ಬಗ್ಗಿಸಿ ನಡೆಯುವವರನ್ನು ನಾನು ತುಂಬಾ ನೋಡುತ್ತೇನೆ. ಮೇಲ್ಬೆನ್ನಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಲಿಂಗತ್ವದ ವಿಷಯ ಅವರಿಗೆ ಹೇಳಲೇಬೇಕೆಂದಿಲ್ಲ.

ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲು ಹಾಕುವ ಬಿಗಿ ಒಳ ಉಡುಪು) ಬಗ್ಗೆ ಯಾರಾದರೂ ಕೇಳುತ್ತೀರಿ ಎಂದು ಗೊತ್ತು. ಸರಿಯಾದ ಅಳತೆಯದನ್ನೇ ಹಾಕಿ. ಇನ್ನಷ್ಟು ಚಪ್ಪಟೆಯಾಗಲಿ ಎಂದು ಚಿಕ್ಕ ಅಳತೆ ಕೊಳ್ಳಬೇಡಿ. ದಿನಕ್ಕೆ 8 ಗಂಟೆ ಮೀರಬಾರದು. ಮಲಗುವಾಗ, ಓಡುವಾಗ, ಭಾರ ಎತ್ತುವಾಗ ಬೇಡ. ಕ್ರೇಪ್ ಬ್ಯಾಂಡೇಜ್ ಸುತ್ತುವುದು, ಅಂಟುಪಟ್ಟಿ ಹಚ್ಚುವುದು ಅಪಾಯಕಾರಿ. ಬ್ಯಾಂಡೇಜ್ ಚಲಿಸಿದಂತೆಲ್ಲ ಬಿಗಿಯಾಗುತ್ತದೆ, ಪಕ್ಕೆಲುಬಿಗೆ ಪೆಟ್ಟಾಗಬಹುದು. ಉಸಿರು ಕಟ್ಟಿದಂತಾದರೆ, ಪಕ್ಕೆಯಲ್ಲಿ ನೋವು ಬಂದರೆ ಆ ಕ್ಷಣವೇ ತೆಗೆಯಿರಿ. ನಮ್ಮ ಕರಾವಳಿಯ ಸೆಖೆಯಲ್ಲಿ ಬೆವರು ನಿಂತು ಗುಳ್ಳೆ, ಹುಳುಕಡ್ಡಿ ಬರುವುದು ಸಾಮಾನ್ಯ. ತೊಳೆದು ಪೂರ್ತಿ ಒಣಗಿದ್ದನ್ನೇ ಹಾಕಿ. ಹಲವರಿಗೆ ಗಟ್ಟಿ ಬಟ್ಟೆಯ ಸ್ಪೋರ್ಟ್ಸ್ ಬ್ರಾ ಒಂದೇ ಸಾಕಾಗುತ್ತದೆ.

ಹಾರ್ಮೋನ್ ವಿಷಯ. ನಾನ್‌ಬೈನರಿ ವ್ಯಕ್ತಿಗಳಲ್ಲಿ ಕೆಲವರಿಗೆ ಬೇಕು, ಅನೇಕರಿಗೆ ಬೇಡ. ಬೇಡ ಎನ್ನುವವರ ಅನುಭವ ಕಡಿಮೆ ನಿಜವೇನಲ್ಲ. ಟ್ರಾನ್ಸ್‌ಜೆಂಡರ್ ಆರೋಗ್ಯ ಕ್ಷೇತ್ರದ ವೃತ್ತಿಪರರ ಜಾಗತಿಕ ಸಂಘಟನೆ ಡಬ್ಲ್ಯು‌ಪ್ಯಾತ್ 2022ರಲ್ಲಿ ಹೊರತಂದ 8ನೆಯ ಆವೃತ್ತಿಯ ಮಾರ್ಗಸೂಚಿಯಲ್ಲಿ ನಾನ್‌ಬೈನರಿ ವ್ಯಕ್ತಿಗಳಿಗೆಂದೇ ಒಂದು ಅಧ್ಯಾಯವಿದೆ. ನಿರ್ಧರಿಸುವ ಮೊದಲು ಒಂದು ಸಂಗತಿ ತಿಳಿದಿರಲಿ. ಔಷಧದ ಪರಿಣಾಮಗಳಲ್ಲಿ ಇದು ಬೇಕು, ಅದು ಬೇಡ ಎಂದು ಆರಿಸಿಕೊಳ್ಳಲು ಆಗುವುದಿಲ್ಲ. ಟೆಸ್ಟೋಸ್ಟೆರಾನ್‌ನಿಂದ ಗಡುಸಾದ ಧ್ವನಿ ಔಷಧ ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ. ಈಸ್ಟ್ರೊಜೆನ್‌ನಿಂದ ಬೆಳೆದ ಎದೆಯೂ ಹಾಗೆಯೇ. ಅಂಗಡಿಯಿಂದ ತಾವೇ ಕೊಂಡು ಚುಚ್ಚಿಕೊಂಡು ತೊಂದರೆಗೆ ಸಿಲುಕಿದವರಿದ್ದಾರೆ. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬಳಿ ರಕ್ತಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯಿರಿ. ಸಂಕಟ ಮುಟ್ಟಿಗೆ ಮಾತ್ರ ಸಂಬಂಧಿಸಿದ್ದಾದರೆ, ಟೆಸ್ಟೋಸ್ಟೆರಾನ್ ಇಲ್ಲದೆಯೇ ಮುಟ್ಟನ್ನು ನಿಲ್ಲಿಸುವ ಅಥವಾ ಕಡಿಮೆ ಮಾಡುವ ಔಷಧಗಳಿವೆ. ಸ್ತ್ರೀರೋಗ ತಜ್ಞರನ್ನು ಕೇಳಬಹುದು.

ಮತ್ತೊಂದು ಮಾತು ಒತ್ತಿ ಹೇಳಬೇಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಲಿಂಗತ್ವಕ್ಕೂ ದೇಹಕ್ಕೂ ಹೊಂದಿಕೆಯಾಗದ ಈ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದ್ದಾರೆ. ನಿಮ್ಮನ್ನು 'ಸರಿಮಾಡುತ್ತೇನೆ' ಎಂದು ಯಾವ ವೈದ್ಯರಾದರೂ ಹೇಳಿದರೆ ಇದು ನೆನಪಿರಲಿ: ಮದ್ರಾಸ್ ಹೈಕೋರ್ಟ್ ನಿರ್ದೇಶನದ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ಅಲ್ಲಿಂದ ಎದ್ದು ಬನ್ನಿ.

ರಾತ್ರಿಯ ಹೊತ್ತು ಬದುಕೇ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416. ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.


ಕೊಡ ಮತ್ತು ಚೌಡಿಕೆ

ಹೊಸಪೇಟೆ ಕಡೆಯಿಂದ ಬರೆಯುತ್ತಿದ್ದೇನೆ. ನಾನು ಜೋಗತಿ, ಎಲ್ಲಮ್ಮನ ಸೇವೆಗೆ ಮುಡಿಪಾದ ಲಿಂಗತ್ವ ಅಲ್ಪಸಂಖ್ಯಾತೆ. ನೀವೆಲ್ಲ ಓದಿದ ಮಕ್ಕಳು, ನಿಮ್ಮ ಮಾತು ಕೇಳಿ ಸಂತೋಷವೂ ಆಗುತ್ತದೆ, ಸ್ವಲ್ಪ ದೂರವೂ ಅನಿಸುತ್ತದೆ. ನಮ್ಮ ಕಾಲದಲ್ಲಿ ದೇಹದ ನೆಮ್ಮದಿ ಎಂಬ ಪ್ರಶ್ನೆಗಿಂತ ಮೊದಲು ಊಟದ ಪ್ರಶ್ನೆ ಇತ್ತು. ಮನೆಯಿಂದ ಹೊರಬಿದ್ದವರಿಗೆ ಸವದತ್ತಿ ಎಲ್ಲಮ್ಮನ ಹೆಸರು, ಗುರುವಿನ ಮನೆ, ಜೊತೆಯ ಜೋಗಪ್ಪಂದಿರು ಇಷ್ಟೇ ಆಸರೆ. ಮೈಮೇಲೆ ಸೀರೆ ಬಂದದ್ದೂ ಅಲ್ಲಿಯೇ, ಹೊಡೆತ ತಿಂದದ್ದೂ ಆ ಸೀರೆಗೇ.

ಆದರೂ ಕುಂದಾಪುರದವರು ಕಾಲಿನ ಬಗ್ಗೆ ಬರೆದದ್ದು ನನಗೆ ತುಂಬಾ ಹತ್ತಿರ. ತಲೆಯ ಮೇಲೆ ಕೊಡ ಹೊತ್ತು, ಕೈ ಹಿಡಿಯದೆ, ಬಗ್ಗಿ ಎದ್ದು ಕುಣಿಯುವಾಗ ಕತ್ತಿನಿಂದ ಹಿಮ್ಮಡಿಯವರೆಗೆ ಇಡೀ ಮೈ ನನ್ನದಾಗಿರುತ್ತದೆ. ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದಾಗ, 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದಾಗ, ನಮ್ಮ ಓಣಿಯಲ್ಲಿ ಯಾರ ಮೈಯೂ ಬಗ್ಗಿರಲಿಲ್ಲ. ಎಲ್ಲರೂ ನೆಟ್ಟಗೆ ನಡೆದೆವು. ಒಬ್ಬರಿಗೆ ಸಿಕ್ಕ ಮರ್ಯಾದೆ ಹತ್ತು ಜನರ ಬೆನ್ನುಮೂಳೆಗೆ ಬಲ ಕೊಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಬೇಡಿಕೆ. ನಮ್ಮ ಹೆಸರನ್ನು ನಿಮ್ಮ ವಾದಕ್ಕೆ ಪುರಾವೆಯಾಗಿ ಮಾತ್ರ ಬಳಸಬೇಡಿ. 'ನೋಡಿ, ನಮ್ಮ ಸಂಸ್ಕೃತಿಯಲ್ಲಿ ಜೋಗಪ್ಪಂದಿರು ಇದ್ದರು' ಎನ್ನುತ್ತೀರಿ. ಇದ್ದೆವಲ್ಲ, ಇನ್ನೂ ಇದ್ದೇವೆ. ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ 2021ರಲ್ಲಿ ಬಂದಿದೆ, ಅರ್ಜಿ ತುಂಬಲು ನಮ್ಮಲ್ಲಿ ಅನೇಕರಿಗೆ ಓದು ಸಾಲದು. ಬಂದು ಕೈಜೋಡಿಸಿ.

ತುಂಗಾತೀರ, ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದಾಗಿನಿಂದ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಅದು ನಿಮ್ಮ ಹಕ್ಕು, ತಲೆತಗ್ಗಿಸಬೇಡಿ.


ತುಂಗಾತೀರ

ಅಮ್ಮಾ, ಖಂಡಿತ. ಅರ್ಜಿ ತುಂಬುವ ಕೆಲಸಕ್ಕೆ ನಾನು ಬರುತ್ತೇನೆ. ಈ ವೇದಿಕೆ ನಡೆಸುವವರ ಮೂಲಕ ನನ್ನ ಸಂಪರ್ಕ ತಲುಪಿಸುತ್ತೇನೆ.


ಧಾರವಾಡದ ತಾಯಿ

ನನ್ನ ಮಗುವಿಗೆ 20 ವರ್ಷ, ಹೋದ ವರ್ಷ ನನಗೆ ಹೇಳಿತು. ನಾವು ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದೇವೆ. ಬಾರೋ, ಬಾರೇ ಎರಡೂ ಬೇಡ ಎಂದಿತು. ಅಜ್ಜಿ ಮೊದಲಿನಿಂದಲೂ ಕೂಸು ಎಂದೇ ಕರೆಯುತ್ತಿದ್ದರು, ನಾವೂ ಅದನ್ನೇ ಹಿಡಿದೆವು. ಮನೆಯ ಮಟ್ಟಿಗೆ ಸಮಸ್ಯೆಯಿಲ್ಲ.

ಮುಂದಿನ ತಿಂಗಳು ನನ್ನ ತಮ್ಮನ ಮಗಳ ಮದುವೆ. ಸೀರೆ ಉಡಿಸಿ ಎಂದು ಎಲ್ಲರ ಒತ್ತಾಯ. ಕೂಸು ಮದುವೆಗೇ ಬರುವುದಿಲ್ಲ ಎನ್ನುತ್ತಿದೆ, ಆದರೆ ಆ ಹುಡುಗಿ ಎಂದರೆ ಅದಕ್ಕೆ ಪ್ರಾಣ. ಜೀನ್ಸ್ ಹಾಕಿಸಿ ಕರೆದೊಯ್ದರೆ ಮಂಟಪದಲ್ಲಿ ಎಲ್ಲರ ಕಣ್ಣೂ ಇದರ ಮೇಲೆಯೇ ಇರುತ್ತದೆ, ಅದೂ ಅದಕ್ಕೆ ಬೇಡ. ಏನು ಮಾಡಲಿ?


ಸೂಜಿದಾರ

ಅಮ್ಮಾ, ಇದು ನನ್ನ ಇಷ್ಟದ ವಿಷಯ. ಗುಳೇದಗುಡ್ಡದ ಖಣ ತನ್ನಿ. ಅದರಲ್ಲಿ ಒಂದು ತೋಳಿಲ್ಲದ ಬಂದ್‌ಗಲಾ ಕೋಟು ಹೊಲಿಸಿ, ಒಳಗೆ ಬಿಳಿ ಉದ್ದ ಜುಬ್ಬ, ಕೆಳಗೆ ನೇರವಾದ ಪೈಜಾಮ. ಬಟ್ಟೆ ನೂರಕ್ಕೆ ನೂರು ನಿಮ್ಮ ಕಡೆಯದು, ಹಿರಿಯರಿಗೆ ಕಣ್ಣು ತುಂಬುತ್ತದೆ, ಹೆಣ್ಣಿನ ಉಡುಪು ಗಂಡಿನ ಉಡುಪು ಎಂದು ಯಾರೂ ಸುಲಭಕ್ಕೆ ಹೇಳಲಾರರು. ಖಣ ಗಟ್ಟಿಯಾಗಿ ನಿಲ್ಲುವ ಬಟ್ಟೆ, ಮೈಗೆ ಅಂಟುವುದಿಲ್ಲ, ಎದೆಯ ಆಕಾರ ತೋರುವುದಿಲ್ಲ. ನನ್ನ ಅಕ್ಕನ ಮದುವೆಗೆ ನಾನು ಹಾಕಿದ್ದು ಇದೇ. ಅಲ್ಲಿಯವರೆಗೆ ಕುಟುಂಬದ ಯಾವ ಫೋಟೋದಲ್ಲೂ ನಾನು ಹಿಂದಿನ ಸಾಲಿನಲ್ಲೇ. ಅಂದು ಮುಂದಿನ ಸಾಲಿನಲ್ಲಿ ಕುಳಿತೆ.

ಮೊದಲು ಕೂಸನ್ನೇ ಕೇಳಿ, ಬಟ್ಟೆಯಂಗಡಿಗೆ ಅದನ್ನೇ ಕರೆದುಕೊಂಡು ಹೋಗಿ. ಅದು ಬೇಡ ಎಂದರೆ ಬಿಡಿ.


ರೈನ್ ದಡದಿಂದ

ಜರ್ಮನಿಯಲ್ಲಿ ಓದುತ್ತಿರುವ ಮೈಸೂರಿನ ನಾನ್‌ಬೈನರಿ ವಿದ್ಯಾರ್ಥಿ ನಾನು. ಇಲ್ಲಿ 2018ರ ಕೊನೆಯಿಂದಲೇ ದಾಖಲೆಯಲ್ಲಿ ಗಂಡು ಹೆಣ್ಣಲ್ಲದೆ ಮೂರನೆಯ ನಮೂದು ಇದೆ. 2024ರ ನವೆಂಬರ್‌ನಿಂದ ಅದನ್ನು ಸ್ವಯಂಘೋಷಣೆಯ ಮೇಲೆ ಬದಲಾಯಿಸಿಕೊಳ್ಳುವ ಕಾನೂನೂ ಬಂದಿದೆ. ಬರುವಾಗ, ಇಂಥ ದೇಶದಲ್ಲಿ ದೇಹದ ಸಂಕಟ ತಾನಾಗಿ ಕರಗುತ್ತದೆ ಎಂಬ ನಿರೀಕ್ಷೆ ನನ್ನಲ್ಲಿತ್ತು. ಹೊರಗಿನ ಹೆದರಿಕೆ ಕಡಿಮೆಯಾದದ್ದು ನಿಜ, ಅದು ಸಣ್ಣ ಮಾತಲ್ಲ. ಆದರೆ ಈಜುಕೊಳದ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನನ್ನ ಕೈ ನಡುಗಿದ್ದು ಮೈಸೂರಿನಲ್ಲಿ ನಡುಗಿದಂತೆಯೇ. ಕಡಲತಡಿ ಅವರು ಹೇಳಿದ್ದು ಇಲ್ಲಿಯೂ ಸರಿ: ನೀರಿಗೆ ಇಳಿದ ಮೇಲೆ, ಕೈಕಾಲು ಬಡಿಯುವುದು ಕಲಿತ ಮೇಲೆ ಸಡಿಲವಾಯಿತು. ತುಂಬುತೋಳಿನ ಈಜುಡುಪು ಸಿಗುತ್ತದೆ, ಅದನ್ನೇ ಹಾಕುತ್ತೇನೆ.


ಹಾಸನದ ಓದುಗ

ಉತ್ತರಕ್ಕೆ ಧನ್ಯವಾದ. ಚಪ್ಪಲಿಯ ಮಾತು ಅರ್ಥವಾಯಿತು. ಇನ್ನೂ ಕೆಲವು ಪ್ರಶ್ನೆಗಳಿವೆ, ಓದಿಕೊಂಡು ಬರುತ್ತೇನೆ.


ಕಡಲತಡಿ

ತುಂಗಾತೀರ, ಒಂದನ್ನು ಸೇರಿಸಬೇಕಿತ್ತು. ನಮ್ಮವರಲ್ಲಿಯೇ ಒಂದು ಒತ್ತಡವಿದೆ: ನಿಜವಾದ ನಾನ್‌ಬೈನರಿ ಎಂದರೆ ತೆಳ್ಳಗಿರಬೇಕು, ಕ್ರಾಪ್ ಇರಬೇಕು, ಗಂಡೋ ಹೆಣ್ಣೋ ಗೊತ್ತಾಗಬಾರದು ಎಂಬುದು. ಇನ್‌ಸ್ಟಾಗ್ರಾಂ ನೋಡಿದರೆ ಅಂಥ ಮುಖಗಳೇ. ಇಪ್ಪತ್ತರ ಹರೆಯದಲ್ಲಿ ನಾನು ಆ ಚಿತ್ರಕ್ಕೆ ಹೊಂದಲು ಊಟ ಬಿಟ್ಟು ಕಾಯಿಲೆ ಬಿದ್ದೆ. ಈಗ ನನಗೆ ಸಣ್ಣ ಹೊಟ್ಟೆ ಇದೆ, ಜಡೆ ಇದೆ, ಕುತ್ತಿಗೆಗೆ ಅಜ್ಜಿಯ ಹವಳದ ಸರ ಇದೆ, ಧ್ವನಿ ಗಂಡಸಿನದೆಂದೇ ಫೋನಿನಲ್ಲಿ ಎಲ್ಲರೂ ಸರ್ ಎನ್ನುತ್ತಾರೆ. ಇವುಗಳಲ್ಲಿ ಯಾವುದೂ ನನ್ನನ್ನು ಕಡಿಮೆ ನಾನ್‌ಬೈನರಿ ಮಾಡುವುದಿಲ್ಲ. ಗುರುತಿಗೆ ಪುರಾವೆ ಒದಗಿಸುವ ಕೆಲಸವನ್ನು ದೇಹದ ಮೇಲೆ ಹೊರಿಸುವುದು ನಿಲ್ಲಿಸಿದ ಮೇಲೆಯೇ ಅದಕ್ಕೆ ಹೊಟ್ಟೆತುಂಬ ಊಟ ಹಾಕಲು ನನಗೆ ಮನಸ್ಸು ಬಂತು.


ತುಂಗಾತೀರ

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ರಾತ್ರಿ ಹಾಳೆ ತೆಗೆದುಕೊಂಡು ಕುಳಿತೆ. ನೋಯಿಸುವುದು ಎದೆ ಮತ್ತು ಮುಟ್ಟು. ಪರವಾಗಿಲ್ಲ ಎಂಬುದರಲ್ಲಿ ಸೊಂಟ, ಧ್ವನಿ. ಇಷ್ಟದಲ್ಲಿ ಕೈ, ಹುಬ್ಬು, ಮತ್ತು ನಗುವಾಗ ಕಾಣುವ ಓರೆ ಹಲ್ಲು. ಕುತ್ತಿಗೆಗೆ ಫಿಸಿಯೋಥೆರಪಿಯ ಸಮಯ ಪಡೆದಿದ್ದೇನೆ. ಸ್ತ್ರೀರೋಗ ತಜ್ಞರ ಬಳಿಗೆ ಗೆಳತಿ ಜೊತೆಗೆ ಬರುತ್ತಾಳೆ.

ಸೂಜಿದಾರ ಅವರೇ, ಅಂಗಿ ಹೊಲಿಸಬೇಕೆಂಬ ಆಸೆ ಬಹಳ ದಿನದಿಂದ ಇದೆ. ಗಂಡಸರ ಟೈಲರ್ ಬಳಿ ಹೋದರೆ ಟೇಪ್ ಹಿಡಿದು ಎದೆ ಅಳೆಯುತ್ತಾರಲ್ಲ, ಅದನ್ನು ನೆನೆದೇ ಬಾಗಿಲಿನಿಂದ ವಾಪಸಾಗುತ್ತೇನೆ.


ಸೂಜಿದಾರ

ಮೈ ಮುಟ್ಟಿಸಿಕೊಳ್ಳಬೇಕಾಗಿಯೇ ಇಲ್ಲ. ಅಳತೆಗೆಂದು ಒಂದು ಹಳೆಯ ಅಂಗಿ ಕೊಡಿ, ಎಲ್ಲ ಟೈಲರ್‌ಗಳೂ ತೆಗೆದುಕೊಳ್ಳುತ್ತಾರೆ. ನಿಮ್ಮ ಅಣ್ಣನ ಅಂಗಿಗಳಲ್ಲಿ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ಮೇಲೆ ಸರಿಯಾಗಿ ಕೂರುವುದು ಯಾವುದೋ ಅದನ್ನು ಆರಿಸಿ; ಉಳಿದದ್ದನ್ನು ಕಡಿಮೆ ಹೆಚ್ಚು ಮಾಡಬಹುದು, ಭುಜ ಮಾತ್ರ ಸರಿಯಿರಬೇಕು. ಎದೆಯ ಬಳಿ ಟಕ್ಸ್ (ಆಕಾರ ಕೊಡಲು ಹಾಕುವ ಮಡಿಕೆ ಹೊಲಿಗೆ) ಬೇಡ, ಪಕ್ಕ ನೇರವಾಗಿರಲಿ ಎಂದು ಚೀಟಿ ಬರೆದು ಅಂಗಿಗೆ ಪಿನ್ ಮಾಡಿ. ಸೊಂಟದ ಬಳಿ ಬಿಗಿಯಾದರೆ ಪಕ್ಕದಲ್ಲಿ ಸೀಳು ಇಡಿಸಿ. ಎದೆಗೆ ಎರಡು ಕಡೆ ಜೇಬು, ಮುಚ್ಚಳವಿರುವಂಥದ್ದು. ಬಟ್ಟೆ ಖಾದಿ ಅಥವಾ ದಪ್ಪ ಹತ್ತಿ, ಸಣ್ಣ ಚೌಕುಳಿ. ಹತ್ತಿಯಾದ್ದರಿಂದ ಕತ್ತರಿಸುವ ಮೊದಲು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಎದೆಯಲ್ಲಿ ಬಿಗಿಯಾಗುತ್ತದೆ. ಮೊದಲಿಗೆ ಒಂದೇ ಹೊಲಿಸಿ, ಹಾಕಿ ನೋಡಿ, ಏನು ಬದಲಾಗಬೇಕು ಎಂದು ಇಲ್ಲಿ ಬರೆಯಿರಿ.